ಈ ‘ಎನ್’ ಅಂದ್ರೆ ಏನು? ಗಂಗಾವತಿಯ ಒಂದು ಕಾಟಾ, ಒಂದು ಪರ್ಲ್ ಮಾಡ್ಯೂಲ್

ಡಿಸೆಂಬರ್ ನಡುವಿನ ಒಂದು ಸಂಜೆ. ಗಂಗಾವತಿಯಿಂದ ಕಾರಟಗಿಗೆ ಹೋಗುವ ರಸ್ತೆಯಲ್ಲಿರುವ ಒಂದು ಅಕ್ಕಿ ಗಿರಣಿ. ಬೆಂಗಳೂರಿಗೆ ಹೊರಟ ಲಾರಿ ಕಾಟಾದ ಮೇಲೆ ನಿಂತಿತ್ತು. ಖಾಲಿ ಲಾರಿಯ ತೂಕ ಕಳೆದರೆ ಅಕ್ಕಿ 10,400 ಕೆ.ಜಿ. ಪ್ರಿಂಟರ್ ಕಿರ್ರೆಂದು ಚೀಟಿ ಹೊರಹಾಕಿತು. ಚೀಲ: 138.

ಹಮಾಲರ ಮೇಸ್ತ್ರಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಸರ, ನಾವು ಹೊತ್ತಿದ್ದು ನಾಕ್ನೂರು ಚೀಲ. ಇದರಾಗ ನೂರಾ ಮೂವತ್ತೆಂಟು ಐತಿ. ಉಳಿದಿದ್ದನ್ನ ದೆವ್ವ ಹೊತ್ತಾವೇನ್ರಿ?”

ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಹಿಂದೆ ಆ ಲೆಕ್ಕ ಮೇಸ್ತ್ರಿಯ ಪುಟ್ಟ ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಈ ಸಲ ಸಾಹುಕಾರರು ಕಂಪ್ಯೂಟರ್ ಚೀಟಿಯನ್ನೇ ನಂಬೋಣ ಅಂದಿದ್ದರು. ಅಂದರೆ 262 ಚೀಲದ ಕೂಲಿ ಗಾಳಿಗೆ ಹೋಗಿತ್ತು. ಚೀಟಿಯ ಪ್ರೋಗ್ರಾಂ ನೋಡಿಕೊಳ್ಳುವವನು ನಾನು. ಹಾಗಾಗಿ ದೆವ್ವ ನಾನೇ.

ಮೇಸ್ತ್ರಿಯ ಲೆಕ್ಕವನ್ನೇ ಒಪ್ಪಿ ಅವತ್ತೇ ರಾತ್ರಿ ಕೂಲಿ ಕೊಟ್ಟರು. ಅದು ಅಲ್ಲಿಗೆ ಮುಗಿಯಿತು. ಆದರೆ 138 ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನಾವು ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಒಂದು ಹಳೇ ಮಾಡ್ಯೂಲಿನ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡಿನ ಕಟ್ಟು) ಒಳಗೆ ಇಳಿದೆವು. ಅಲ್ಲಿಂದ ಕೋಡಿಗೆ ತಾನೇ ಕೈಪಿಡಿ ಬರೆಯುವುದನ್ನು ಕಲಿಸುವ ಕೆಲಸಕ್ಕೆ ಕೈ ಹಾಕಿದೆವು. ಈ ಬರಹ ಅದರ ಕಥೆ.

ಏನಿತ್ತು, ಏನಿರಲಿಲ್ಲ

ಕಾಟಾದ ಪಕ್ಕದ ಕೋಣೆಯಲ್ಲಿ ಒಂದು ಹಳೇ ಲಿನಕ್ಸ್ ಯಂತ್ರ ಇದೆ. ತೂಕ ತೋರಿಸುವ ಡಬ್ಬಿಯಿಂದ ಅದಕ್ಕೆ ಸೀರಿಯಲ್ ಕೇಬಲ್ ಬರುತ್ತದೆ. ಡಬ್ಬಿಯ ಜತೆ ಬಂದಿದ್ದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಸಂಗ್ರಹ, ಸಿ ಅನ್ನುವ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯದು. ನನಗಿಂತ ಮೊದಲು ಇದ್ದ ಎಂಜಿನಿಯರ್ ಆ ಲೈಬ್ರರಿಯನ್ನು ಪರ್ಲ್‌ಗೆ ಜೋಡಿಸಿದ್ದರು. ಜೋಡಣೆಯ ಹೆಸರು ‘ಕಾಟಾ’ ಮಾಡ್ಯೂಲ್. ಜತೆಗೆ ಚೀಲದ ಲೆಕ್ಕದಂಥ ತಮ್ಮದೇ ಕೆಲವು ಸಿ ಫಂಕ್ಷನ್‌ಗಳನ್ನೂ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡಿನ ತುಣುಕುಗಳು) ಅದಕ್ಕೆ ಸೇರಿಸಿದ್ದರು.

ಇಂಥ ಮಾಡ್ಯೂಲಿಗೆ ಎರಡು ಮುಖ. ಒಂದು ಪಿಎಂ ಫೈಲು, ಅದು ಪರ್ಲ್. ಇನ್ನೊಂದು ಎಕ್ಸ್‌ಎಸ್ ಫೈಲು, ಅದು ಅರ್ಧ ಸಿ, ಅರ್ಧ ತನ್ನದೇ ವ್ಯಾಕರಣ. ಬಿಲ್ಡ್ ಮಾಡುವಾಗ, ಅಂದರೆ ಕೋಡಿನಿಂದ ಓಡುವ ಮಾಡ್ಯೂಲ್ ತಯಾರಿಸುವಾಗ, ಎಕ್ಸ್‌ಸಬ್‌ಪಿಪಿ ಅನ್ನುವ ಸಾಧನ ಎಕ್ಸ್‌ಎಸ್ ಫೈಲನ್ನು ಪೂರ್ತಿ ಸಿ ಮಾಡಿ ಕೊಡುತ್ತದೆ. ಕೆಲಸವೆಲ್ಲ ನಡೆಯುವುದು ಎಕ್ಸ್‌ಎಸ್‌ನಲ್ಲಿ. ಪಿಎಂ ಫೈಲು ಹೆಚ್ಚುಕಡಿಮೆ ಖಾಲಿ, ‘ಆ ಸಿ ಭಾಗವನ್ನು ಲೋಡ್ ಮಾಡು’ ಅಂತ ಹೇಳಿ ಸುಮ್ಮನಾಗುತ್ತದೆ. ಆದರೆ ಕೈಪಿಡಿ ಬರೆಯುವವರು ಬರೆಯುವುದು ಆ ಖಾಲಿ ಪಿಎಂ ಫೈಲಿನಲ್ಲೇ. ಮನೆ ಒಂದು ಕಡೆ, ವಿಳಾಸದ ಬೋರ್ಡು ಇನ್ನೊಂದು ಬೀದಿಯಲ್ಲಿ ಇದ್ದ ಹಾಗೆ.

ನಮ್ಮ ಪಿಎಂನಲ್ಲೂ ಎರಡು ಪುಟದಷ್ಟು ಪಾಡ್ ಇತ್ತು. ಪಾಡ್ ಅಂದರೆ ಪರ್ಲ್‌ನ ಸರಳ ದಾಖಲೆ ಬರವಣಿಗೆ, 1994ರಲ್ಲಿ ಪರ್ಲ್ 5 ಬಂದಾಗಿನಿಂದಲೂ ಇದೆ. ಕೋಡಿನ ನಡುವೆಯೇ ಈಕ್ವಲ್ ಗುರುತು ಹಾಕಿ ಬರೆಯಬಹುದು. “=ಕಟ್” ಅಂದಲ್ಲಿಗೆ ದಾಖಲೆ ಮುಗಿದು ಮತ್ತೆ ಕೋಡು. ಆ ಎರಡು ಪುಟದಲ್ಲಿ ಕಾಟಾಕ್ಕೆ ತೂಕ ಹೊಂದಿಸುವ ಕ್ರಮವನ್ನು ಚೆನ್ನಾಗಿ ಬರೆದಿದ್ದರು. ಚೀಲದ ಬಗ್ಗೆ ಇದ್ದದ್ದು ಒಂದೇ ಸಾಲು: ‘ಅಕ್ಕಿ ಚೀಲ 25 ಕೆ.ಜಿ.’ ಅದೂ ತಪ್ಪು.

ಹುಡುಗ ಹೇಗೆ ಮೋಸ ಹೋದ

ಚೀಟಿಯ ಹೊಸ ಪ್ರೋಗ್ರಾಂ ಬರೆದವನು ಕುಷ್ಟಗಿಯ ಹುಡುಗ. ಡಿಪ್ಲೊಮಾ ಮುಗಿಸಿ ನನ್ನ ಕೈ ಕೆಳಗೆ ಸೇರಿದ್ದ. ಚುರುಕು. ಅವನು ಮಾಡಿದ್ದು ನಾನಾದರೂ ಮಾಡುತ್ತಿದ್ದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ.

ಕೈಪಿಡಿಯಲ್ಲಿ ಚೀಲದ ಫಂಕ್ಷನ್ ಸಿಗಲಿಲ್ಲ. ಸುಮ್ನೆ ತೂಕವನ್ನಷ್ಟೇ ಕೊಟ್ಟು ಅದನ್ನು ಕರೆದ. ಪರ್ಲ್ ಬೈದು ಹೇಳಿತು: “ಯೂಸೇಜ್: ಕಾಟಾ::ಚೀಲ(ಕೆಜಿ, ಎನ್)”. ಫಂಕ್ಷನ್ನನ್ನು ಕರೆಯುವಾಗ ಆವರಣದೊಳಗೆ ಕೊಡುವ ಮೌಲ್ಯಗಳಿಗೆ ವಾದಗಳು ಅಂತಾರೆ. ಎಕ್ಸ್‌ಎಸ್ ಫಂಕ್ಷನ್‌ಗೆ ಲೆಕ್ಕ ತಪ್ಪಿ ವಾದಗಳನ್ನು ಕೊಟ್ಟರೆ ಹೀಗೆ ಬೈಗುಳ ಬರುತ್ತದೆ. ಎಕ್ಸ್‌ಸಬ್‌ಪಿಪಿ ತಾನೇ ಅದನ್ನು ಸೇರಿಸಿರುತ್ತದೆ. ನೋಡಿ, ಯಾರೂ ಬರೆಯದಿದ್ದರೂ ಕೋಡು ತನ್ನ ಬಗ್ಗೆ ಒಂದು ಸಾಲು ಹೇಳಿಕೊಳ್ಳುತ್ತದೆ. ತಾನಾಗಿ ಹುಟ್ಟುವ ದಾಖಲೆಯ ಅತಿ ಚಿಕ್ಕ ರೂಪ ಅದು.

ಎನ್ ಅಂದರೆ ದಶಮಾಂಶ ಎಷ್ಟು ಸ್ಥಾನ ಬೇಕು ಅನ್ನೋದು ಇರಬೇಕು ಅಂದುಕೊಂಡ. ಚೀಲಕ್ಕೆ ದಶಮಾಂಶ ಯಾಕೆ ಬೇಕು, ಅಲ್ವಾ? ಸೊನ್ನೆ ಕೊಟ್ಟ. ಭತ್ತದ ಒಂದು ಲಾರಿ ಹಿಡಿದು ನೋಡಿದ. 10,050 ಕೆ.ಜಿ.ಗೆ 134 ಬಂತು. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ಸರ್ಕಾರ ಬೆಂಬಲ ಬೆಲೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಹೇಳಿದರೂ ಗಂಗಾವತಿ, ಸಿಂಧನೂರು ಕಡೆ ಪೇಟೆಯ ಮಾತೆಲ್ಲ 75 ಕೆ.ಜಿ. ಚೀಲದ್ದೇ. ಹುಡುಗ ಕ್ಯಾಲ್ಕುಲೇಟರಿನಲ್ಲಿ ಭಾಗಿಸಿದ. 134. ಸರಿ ಇದೆ.

ಅಸಲಿಗೆ ಎನ್ ಮಾಲಿನ ಗುರುತು. ಸೊನ್ನೆ ಅಂದರೆ ಭತ್ತ, ಒಂದು ಅಂದರೆ ಅಕ್ಕಿ, ಎರಡು ಅಂದರೆ ತೌಡು. ಹುಡುಗನ ಅರ್ಥ ತಪ್ಪು, ಉತ್ತರ ಮಾತ್ರ ಸರಿ. ನವೆಂಬರಿನ ಸುಗ್ಗಿಯಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ಬಂದವು, ಒಂದು ಚೀಟಿಯೂ ತಪ್ಪಲಿಲ್ಲ. ಡಿಸೆಂಬರಿನಲ್ಲಿ ಅಕ್ಕಿ ಕಳಿಸುವ ಚೀಟಿಯನ್ನೂ ಅದೇ ಪ್ರೋಗ್ರಾಮಿಗೆ ಸೇರಿಸಿದೆವು. ಅಲ್ಲೂ ಸೊನ್ನೆಯೇ ಹೋಯಿತು. 10,400ನ್ನು 75ರಿಂದ ಭಾಗಿಸಿದರೆ 138.67. ಸಿ ಅದನ್ನು ಪೂರ್ಣಾಂಕ ಮಾಡುವಾಗ ಹತ್ತಿರದ ಸಂಖ್ಯೆಗೆ ಏರಿಸುವುದಿಲ್ಲ, ಬಾಲ ಕತ್ತರಿಸುತ್ತದೆ. 138.

ಹಳೇ ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಈಗ ಪುಣೆಯಲ್ಲಿದ್ದಾರೆ. “ತಮ್ಮಾ, ಎನ್ ಏನಂತ ನನಗ ಗೊತ್ತಿತ್ತಲ್ಲ, ಬರದಿಡೋದು ಯಾಕ ಅನ್ನಿಸ್ತು” ಅಂದರು. ನಗು ಬಂತು. ನಾನು ಬರೆದ ಫಂಕ್ಷನ್‌ಗಳಲ್ಲೂ ಇಂಥ ಎನ್‌ಗಳು ಎಷ್ಟಿವೆ ಅಂತ ನೆನಪಾಗಿ ನಗು ನಿಂತಿತು.

ಆ 25ರ ಸಾಲಿಗೂ ಒಂದು ಕಥೆ ಇದೆ. ಅದನ್ನು ಬರೆದಾಗ ಅಕ್ಕಿ ಚೀಲ ನಿಜಕ್ಕೂ 25 ಕೆ.ಜಿ.ಯೇ ಇತ್ತು. 2022ರ ಜುಲೈ 18ರಿಂದ, 25 ಕೆ.ಜಿ. ವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಗಿರಣಿಗಳು 26 ಕೆ.ಜಿ. ಚೀಲ ಹೊಲಿಸಿದವು. ಹಳೇ ಎಂಜಿನಿಯರ್ ಎಕ್ಸ್‌ಎಸ್ ಫೈಲಿನಲ್ಲಿ ಇಂಥ ಸಂಖ್ಯೆಗೆ ಹೆಸರಿಡುವ “#ಡಿಫೈನ್” ಸಾಲಿನಲ್ಲಿ 25ನ್ನು 26 ಮಾಡಿದರು. ಪಿಎಂನ ಕೈಪಿಡಿ ಹಾಗೇ ಉಳಿಯಿತು. ಎರಡು ಫೈಲು, ಅವಸರದ ದಿನ, ಯಾರು ನೆನಪಿಡುತ್ತಾರೆ?

ಮೊದಲ ಯತ್ನ: ಎಲ್ಲ ಯಂತ್ರವೇ ಬರೆಯಲಿ

ನನ್ನ ಮೊದಲ ಆಸೆ ಸೋಮಾರಿತನದ್ದು. ಕೋಡಿನಿಂದಲೇ ಕೈಪಿಡಿ ತೆಗೆದರೆ ಅದು ಯಾವತ್ತೂ ಹಳತಾಗುವುದಿಲ್ಲ, ನಾನು ಏನೂ ಬರೆಯಬೇಕಾಗಿಲ್ಲ.

ಎಕ್ಸ್‌ಸಬ್‌ಪಿಪಿ ಹುಟ್ಟಿಸಿದ ಸಿ ಫೈಲನ್ನು ಡಾಕ್ಸಿಜನ್‌ಗೆ, ಅಂದರೆ ಕೋಡು ಓದಿ ಕೈಪಿಡಿ ಕಟ್ಟುವ ಒಂದು ಸಾಧನಕ್ಕೆ, ಕೊಟ್ಟೆ. ಪ್ರಯೋಜನವಾಗಲಿಲ್ಲ. ಅಲ್ಲಿ ಎಲ್ಲ ಫಂಕ್ಷನ್‌ಗಳ ಮುಖವೂ ಒಂದೇ. ವಾದಗಳು ಪರ್ಲ್ ಮೌಲ್ಯಗಳನ್ನು ಪೇರಿಸಿಡುವ ಸ್ಟ್ಯಾಕ್ ಮೇಲಿಂದ ಬರುತ್ತವೆ, ಸಿ ಫಂಕ್ಷನ್ನಿನ ಆವರಣದೊಳಗೆ ಅವುಗಳ ಹೆಸರೇ ಇರುವುದಿಲ್ಲ.

ಹಾಗಾಗಿ ಎಕ್ಸ್‌ಎಸ್ ಫೈಲನ್ನೇ ಓದುವ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಇದು ಕಷ್ಟವಲ್ಲ. “ಮಾಡ್ಯೂಲ್ =” ಅನ್ನುವ ಸಾಲಿನ ತನಕ ಇರುವುದೆಲ್ಲ ಬರೀ ಸಿ. ಅದರ ನಂತರ ಒಂದೊಂದು ಫಂಕ್ಷನ್ನಿಗೂ ಒಂದೇ ನಮೂನೆ: ಮೊದಲ ಸಾಲಿನಲ್ಲಿ ವಾಪಸ್ ಬರುವ ಮೌಲ್ಯದ ಬಗೆ, ಎರಡನೇ ಸಾಲಿನಲ್ಲಿ ಹೆಸರು ಮತ್ತು ಆವರಣ, ಅದರ ಕೆಳಗೆ ಒಂದೊಂದು ವಾದದ ಬಗೆ. ಎಡ ಅಂಚಿಗೆ ಅಂಟಿಕೊಂಡ ಸಾಲು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಅದನ್ನೆಲ್ಲ ಪಾಡ್ ಮಾಡಿ ಕಾಟಾ.ಪಾಡ್ ಅನ್ನುವ ಫೈಲಿಗೆ ಸುರಿದೆ. ಮಾಡ್ಯೂಲ್ ತಯಾರಿಸುವ ಸಾಧನ ಮೇಕ್. ಅದಕ್ಕೆ ಬೇಕಾದ ಮೇಕ್‌ಫೈಲ್ ಬರೆಯುವ ಪರ್ಲ್ ಫೈಲಿನಲ್ಲಿ ಪಿಎಲ್_ಫೈಲ್ಸ್ ಅನ್ನುವ ಜಾಗ ಇದೆ. ಅಲ್ಲಿ ಸ್ಕ್ರಿಪ್ಟಿನ ಹೆಸರು ಕೊಟ್ಟರೆ ಮೇಕ್ ಓಡಿಸಿದಾಗ ಅದೂ ಓಡುತ್ತದೆ.

ಎಂಟು ಪುಟ ಬಂತು. ಸಾಹುಕಾರರಿಗೆ ತೋರಿಸಿದೆ, ದಪ್ಪ ನೋಡಿ ಖುಷಿಪಟ್ಟರು.

ಹುಡುಗ ಮಾತ್ರ ಖುಷಿಪಡಲಿಲ್ಲ. ಎರಡು ದೂರು ತಂದ. ಮೊದಲನೆಯದು: “ಅಣ್ಣಾ, ತೂಕ ಹೊಂದಿಸೋ ಪುಟ ಎಲ್ಲಿ ಹೋತು?” ನಿಜಕ್ಕೂ ಹೋಗಿತ್ತು. ಒಂದೇ ಹೆಸರಿನ ಪಾಡ್ ಫೈಲೂ ಪಿಎಂ ಫೈಲೂ ಪಕ್ಕಪಕ್ಕ ಇದ್ದರೆ ಕೈಪಿಡಿ ತೋರಿಸುವ ಪರ್ಲ್‌ಡಾಕ್ ಮೊದಲು ಪಾಡ್ ಫೈಲನ್ನೇ ಎತ್ತಿಕೊಳ್ಳುತ್ತದೆ, ಪಿಎಂ ಕಡೆ ತಿರುಗಿಯೂ ನೋಡುವುದಿಲ್ಲ. ನನ್ನ ಯಂತ್ರ ಬರೆದ ಎಂಟು ಪುಟ, ಮನುಷ್ಯ ಬರೆದ ಎರಡು ಪುಟವನ್ನು ಮುಚ್ಚಿಹಾಕಿತ್ತು. ಆ ಎರಡೇ ಪುಟ ಉಪಯೋಗಕ್ಕೆ ಬರುತ್ತಿದ್ದವು ಅನ್ನೋದು ಬೇರೆ ಮಾತು. ಪಿಎಂನ ಪಾಡನ್ನು ಮೊದಲು ಓದಿ, ಅದರ ಕೆಳಗೆ ತನ್ನದನ್ನು ಜೋಡಿಸುವ ಹಾಗೆ ಸ್ಕ್ರಿಪ್ಟ್ ತಿದ್ದಿದೆ.

ಎರಡನೇ ದೂರಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಹೊಸ ಕೈಪಿಡಿಯಲ್ಲಿ ಚೀಲದ ಜಾಗ ತೆಗೆದು ತೋರಿಸಿದ. ಹೆಸರು ಚೀಲ. ಮೊದಲ ವಾದ ಕೆಜಿ, ಬಗೆ ಡಬಲ್ (ದಶಮಾಂಶ ಸಂಖ್ಯೆ). ಎರಡನೇ ವಾದ ಎನ್, ಬಗೆ ಇಂಟ್ (ಪೂರ್ಣಾಂಕ). ವಾಪಸ್ ಇಂಟ್.

“ಇದನ್ನ ಓದಿದ್ರೂ ನಾನು ಸೊನ್ನೆನೇ ಕೊಡ್ತಿದ್ದೆ ಅಣ್ಣಾ.”

ನಿಜ. ಬೈಗುಳದ ಒಂದು ಸಾಲನ್ನೇ ನಾನು ಎಂಟು ಪುಟಕ್ಕೆ ಎಳೆದಿದ್ದೆ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇದೇ. ಖಾಲಿ ಪುಟ ನೋಡಿದರೆ ಜನ ಯಾರನ್ನಾದರೂ ಕೇಳುತ್ತಾರೆ. ಇಂಥ ತುಂಬಿದ ಪುಟ ನೋಡಿದರೆ ಕೇಳುವುದಿಲ್ಲ, ಎಲ್ಲ ಇದೆ ಅಂದುಕೊಳ್ಳುತ್ತಾರೆ.

ಎರಡನೇ ಯತ್ನ: ಯಂತ್ರ ಕಾವಲುಗಾರ

ಪರ್ಲ್ ಕಟ್ಟುವವರೇ ಇದನ್ನು ಹೇಗೆ ಮಾಡುತ್ತಾರೆ ಅಂತ ನೋಡಿದೆ. ಪರ್ಲ್‌ನ ಸ್ವಂತ ಸಿ ಫೈಲುಗಳಲ್ಲಿ ಫಂಕ್ಷನ್ ಇರುವ ಜಾಗದಲ್ಲೇ ಕಮೆಂಟಿನೊಳಗೆ (ಓದುವವರಿಗಾಗಿ ಬರೆಯುವ, ಯಂತ್ರ ಓಡಿಸದ ಸಾಲು) “=ಫಾರ್ ಎಪಿಐಡಾಕ್” ಅಂತ ಶುರುವಾಗುವ ವಿವರಣೆ ಇರುತ್ತದೆ. ಆಟೋಡಾಕ್ ಅನ್ನುವ ಪರ್ಲ್ ಸ್ಕ್ರಿಪ್ಟ್ ಅವನ್ನೆಲ್ಲ ಆಯ್ದು ಪರ್ಲ್‌ಎಪಿಐ ಅನ್ನುವ ಕೈಪಿಡಿ ಕಟ್ಟುತ್ತದೆ. ಫಂಕ್ಷನ್ನಿನ ರೂಪವನ್ನು ಯಂತ್ರ ಬೇರೆ ಪಟ್ಟಿಯಿಂದ ತರುತ್ತದೆ, ಅರ್ಥವನ್ನು ಮನುಷ್ಯ ಬರೆದಿರುತ್ತಾನೆ. ಪಿಡಿಎಲ್ ಅನ್ನುವ ಗಣಿತದ ಮಾಡ್ಯೂಲಿನಲ್ಲೂ ಹೀಗೇ: ಫಂಕ್ಷನ್ ಹೇಳುವ ಜಾಗದಲ್ಲೇ ಅದರ ವಿವರಣೆಗೆ ಒಂದು ಖಾನೆ, ಒಂದೇ ಮೂಲದಿಂದ ಎಕ್ಸ್‌ಎಸ್ ಕೋಡೂ ಪಾಡೂ ಹುಟ್ಟುತ್ತವೆ.

ನಾವೂ ಅದೇ ದಾರಿ ಹಿಡಿದೆವು. ಎಕ್ಸ್‌ಎಸ್ ಫೈಲಿನೊಳಗೆ ಪಾಡ್ ಬರೆಯಬಹುದು, ಎಕ್ಸ್‌ಸಬ್‌ಪಿಪಿ ಅದನ್ನು ದಾಟಿ ಹೋಗುತ್ತದೆ. ಹಾಗಾಗಿ ಒಂದೊಂದು ಫಂಕ್ಷನ್ನಿನ ತಲೆಯ ಮೇಲೆಯೇ ಅದರ ಪಾಡ್. ಬೋರ್ಡು ಮನೆಯ ಬಾಗಿಲಿಗೇ ಬಂತು. ವಾದಗಳ ಬಗೆಯನ್ನು ನಾವು ಬರೆಯುವ ಹಾಗಿಲ್ಲ, ಅದನ್ನು ಸ್ಕ್ರಿಪ್ಟ್ ಕೋಡಿನಿಂದಲೇ ತರುತ್ತದೆ. 75, 26ರಂಥ ಸಂಖ್ಯೆಗಳನ್ನೂ “#ಡಿಫೈನ್” ಸಾಲುಗಳಿಂದ ಅದೇ ತುಂಬುತ್ತದೆ. ನಾವು ಬರೆಯಬೇಕಾದದ್ದು, ಪ್ರತಿ ವಾದವೂ ಯಾವ ಅಳತೆಯಲ್ಲಿದೆ, ಸೊನ್ನೆ ಕೊಟ್ಟರೆ ಏನಾಗುತ್ತದೆ, ಬಾಲ ಕತ್ತರಿಸುತ್ತದೋ ಇಲ್ಲವೋ, ಮತ್ತೆ ಗಿರಣಿಯ ಒಂದು ನಿಜವಾದ ಲೆಕ್ಕ. ಇದರಲ್ಲಿ ಒಂದು ಬಿಟ್ಟರೂ ಸ್ಕ್ರಿಪ್ಟ್ ಸತ್ತು ಬೀಳುತ್ತದೆ, ಅದರ ಜತೆ ಮೇಕ್ ನಿಲ್ಲುತ್ತದೆ, ಮಾಡ್ಯೂಲೇ ತಯಾರಾಗುವುದಿಲ್ಲ. ಹುಡುಗ ಇದಕ್ಕೆ ‘ಅತ್ತಿ ಮೋಡ್’ ಅಂತ ಹೆಸರಿಟ್ಟ.

ಸೊನ್ನೆಯ ಪ್ರಶ್ನೆ ಕಡ್ಡಾಯ ಮಾಡಿದ್ದೇ ಒಳ್ಳೆಯದಾಯಿತು. ಎಷ್ಟೋ ಫಂಕ್ಷನ್‌ಗಳಲ್ಲಿ ಸೊನ್ನೆಗೆ ಗುಟ್ಟಿನ ಅರ್ಥ ಇತ್ತು. ಒಂದರಲ್ಲಿ ‘ಹಳೇ ತೂಕವನ್ನೇ ಇಟ್ಟುಕೋ’, ಇನ್ನೊಂದರಲ್ಲಿ ‘ಕಾಯುತ್ತಲೇ ಇರು’.

ದಾರಿಯಲ್ಲಿ ಎಡವಿದ್ದೂ ಇದೆ. ಒಮ್ಮೆ “=ಕಟ್” ಮರೆತೆ. ಪಾಡ್ ಮುಗಿದಿಲ್ಲ ಅಂತ ಎಕ್ಸ್‌ಸಬ್‌ಪಿಪಿ ಸಾಲಿನ ಸಂಖ್ಯೆ ಸಮೇತ ಹೇಳಿತು, ತೊಂದರೆ ಇಲ್ಲ. ಹುಡುಗನ ಎಡವಟ್ಟು ಇನ್ನೂ ಮಜವಾಗಿತ್ತು. ಪಾಡ್ ಬದಲು ಒಂದು ಹ್ಯಾಷ್ ಕಮೆಂಟ್ ಹಾಕಿ ಇಂಗ್ಲಿಷಿನಲ್ಲಿ “# ಇಫ್ ಎನ್ ಈಸ್ ಜೀರೊ” ಅಂತ ಶುರುಮಾಡಿದ್ದ, ಅದೂ ಎಡ ಅಂಚಿಗೆ. ಸಿ ಭಾಷೆಯಲ್ಲಿ ಷರತ್ತು ಶುರುಮಾಡುವ “#ಇಫ್” ಅಂತಲೇ ತಿಳಿದು ಎಕ್ಸ್‌ಸಬ್‌ಪಿಪಿ ‘ಅದನ್ನು ಮುಗಿಸುವ ಎಂಡಿಫ್ ಎಲ್ಲಿ’ ಅಂತ ಜಗಳಕ್ಕೆ ನಿಂತಿತು. ಹ್ಯಾಷ್‌ಗೆ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸಾಕಿತ್ತು. ಕನ್ನಡದಲ್ಲಿ ‘ಎನ್ ಸೊನ್ನೆಯಾದರೆ’ ಅಂತ ಬರೆದಿದ್ದರೆ ಜಗಳವೇ ಇರುತ್ತಿರಲಿಲ್ಲ. ನಮ್ಮ ‘ರೆ’ ಪದದ ಕೊನೆಗೆ ಬರುತ್ತದೆ ನೋಡಿ.

ಆ ತಮಾಷೆಯೇ ನಿರ್ಧಾರವಾಯಿತು. ವಿವರಣೆ ಪೂರ್ತಿ ಕನ್ನಡದಲ್ಲಿ ಬರೆಯೋಣ ಅಂದೆವು. ಚೀಲ, ತೌಡು, ಖಾಲಿ ಲಾರಿ ಇವನ್ನೆಲ್ಲ ನಾವು ಯೋಚಿಸುವುದೇ ಕನ್ನಡದಲ್ಲಿ. ಮೇಲೆ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಉಳಿಸಿದೆ ಅಂತ ಹೇಳುವ “=ಎನ್‌ಕೋಡಿಂಗ್ ಯುಟಿಎಫ್-8” ಸಾಲು ಹಾಕಲೇಬೇಕು, ಇಲ್ಲದಿದ್ದರೆ ಪಾಡ್ ಓದುವ ಸಾಧನಗಳು ಗೊಣಗುತ್ತವೆ. ಅದನ್ನು ಹಾಕಿಯೂ ಮ್ಯಾನ್ ಪುಟ (ಲಿನಕ್ಸಿನ ಕೈಪಿಡಿ ಪುಟ) ತೆಗೆದರೆ ಕನ್ನಡವೆಲ್ಲ ಎಕ್ಸ್ ಎಕ್ಸ್ ಎಕ್ಸ್ ಅಂತ ಬಂತು. ಪಾಡನ್ನು ಮ್ಯಾನ್ ಪುಟ ಮಾಡುವ ಹಳೇ ಪಾಡ್‌ಟುಮ್ಯಾನ್‌ಗೆ ಯುಟಿಎಫ್-8 ಅಂತ ಬೇರೆಯಾಗಿ ಹೇಳದಿದ್ದರೆ ತನಗೆ ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಎಕ್ಸ್ ಕೂರಿಸುತ್ತದೆ. ನಾವು ಮ್ಯಾನ್ ಪುಟದ ಗೊಡವೆ ಬಿಟ್ಟು ಎಚ್‌ಟಿಎಂಎಲ್ ತೆಗೆದೆವು.

ಕೊನೆಗೆ ಒಂದು ಪರೀಕ್ಷೆ ಇಟ್ಟೆ. ಪಾಡ್ ಕವರೇಜ್ ಅನ್ನುವ ಮಾಡ್ಯೂಲ್ ಫೈಲಿನ ಅಕ್ಷರಗಳನ್ನು ಓದಿ ಫಂಕ್ಷನ್ ಹುಡುಕುವುದಿಲ್ಲ. ಮಾಡ್ಯೂಲನ್ನು ನಿಜವಾಗಿ ಲೋಡ್ ಮಾಡಿ, ಒಳಗೆ ಯಾವ ಹೆಸರುಗಳಿವೆ ಅಂತ ಪಟ್ಟಿ ಮಾಡುತ್ತದೆ. ಆಮೇಲೆ ಪಾಡ್‌ನ ತಲೆಬರಹಗಳ ಜತೆ ಹೋಲಿಸುತ್ತದೆ. ಹಾಗಾಗಿ ಎಕ್ಸ್‌ಎಸ್ ಫಂಕ್ಷನ್‌ಗಳೂ ಅದರ ಕಣ್ಣಿಗೆ ಬೀಳುತ್ತವೆ. ನನ್ನ ಸ್ಕ್ರಿಪ್ಟ್ 27 ಫಂಕ್ಷನ್ ಅಂದಿತ್ತು. ಪರೀಕ್ಷೆ 31 ಅಂದಿತು. ನಾಲ್ಕು ಎಲ್ಲಿಂದ ಬಂದವು? ಎಕ್ಸ್‌ಎಸ್‌ನಲ್ಲಿ ಏಲಿಯಾಸ್ ಅಂತ ಇದೆ, ಒಂದೇ ಸಿ ತುಣುಕಿಗೆ ಹಲವು ಪರ್ಲ್ ಹೆಸರು ಕೊಡಬಹುದು. ಒಟ್ಟು ತೂಕ, ಖಾಲಿ ತೂಕ, ನಿವ್ವಳ ಹೀಗೆ ಐದು ಹೆಸರು ಒಂದೇ ದೇಹದ ಮೇಲೆ ಕೂತಿದ್ದವು. ನನ್ನ ಸ್ಕ್ರಿಪ್ಟಿಗೆ ಮೊದಲನೆಯದು ಮಾತ್ರ ಕಂಡಿತ್ತು. ಎಕ್ಸ್‌ಎಸ್ ಓದುವ ಸ್ಕ್ರಿಪ್ಟ್ ಬರೆಯುವವರಿದ್ದರೆ ಇದನ್ನು ಗುರುತು ಹಾಕಿಕೊಳ್ಳಿ. ಬರೆದ ಸ್ಕ್ರಿಪ್ಟನ್ನೇ ನಂಬಿ ಕೂತಿದ್ದರೆ ದಿನಕ್ಕೆ ನೂರು ಸಲ ಓಡುವ ನಿವ್ವಳ ತೂಕದ ಫಂಕ್ಷನ್ನೇ ಕೈಪಿಡಿಯಲ್ಲಿ ಇರುತ್ತಿರಲಿಲ್ಲ.

ಬರೆಯುತ್ತಾ ಸಿಕ್ಕಿದ್ದು

31ಕ್ಕೂ ವಿವರಣೆ ಬರೆಯಲು ಮೂರು ವಾರ ಹಿಡಿಯಿತು. ಟೈಪ್ ಮಾಡುವುದಕ್ಕಲ್ಲ, ಕೇಳಿ ತಿಳಿಯುವುದಕ್ಕೆ. ಪುಣೆಗೆ ಆರು ಸಲ ಫೋನ್ ಹೋಯಿತು. ಎರಡು ಫಂಕ್ಷನ್ ಯಾಕಿವೆ ಅಂತ ಅವರಿಗೂ ನೆನಪಿರಲಿಲ್ಲ. ಅವನ್ನು ಯಾರೂ ಕರೆಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಕಿತ್ತು ಹಾಕಿದೆವು. 29 ಉಳಿದವು. ಚೀಲದ ಫಂಕ್ಷನ್ನಿನಲ್ಲಿ ಎನ್ ಅನ್ನುವ ಹೆಸರನ್ನು ‘ಮಾಲು’ ಅಂತ ಬದಲಿಸಿದೆವು. ಅಷ್ಟು ಮಾಡಿದ್ದಕ್ಕೆ ಬೈಗುಳದ ಸಾಲೂ ತಾನಾಗಿ ಬದಲಾಯಿತು: “ಯೂಸೇಜ್: ಕಾಟಾ::ಚೀಲ(ಕೆಜಿ, ಮಾಲು)”. ನಿಜ ಹೇಳಬೇಕೆಂದರೆ ಈ ಒಂದು ಬದಲಾವಣೆ ನವೆಂಬರಿನಲ್ಲೇ ಆಗಿದ್ದರೆ ಹುಡುಗ ಸೊನ್ನೆ ಕೊಡುವ ಮೊದಲು ನನ್ನನ್ನು ಕೇಳುತ್ತಿದ್ದ. ಎಂಟು ಪುಟವೂ ಬೇಡ, ಅತ್ತಿ ಮೋಡೂ ಬೇಡ.

ಚೀಲದ ಪುಟವನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕಾಟಾ ಕೋಣೆಯ ಗೋಡೆಗೆ ಅಂಟಿಸಿದೆವು. ಒಂದು ಬೆಳಗ್ಗೆ ಮೇಸ್ತ್ರಿ ಚಹಾ ಹಿಡಿದುಕೊಂಡು ಅದರ ಮುಂದೆ ನಿಂತಿದ್ದರು. ಭತ್ತ 75, ಅಕ್ಕಿ 26, ತೌಡು 50. ಬೆರಳಿಟ್ಟು ಓದಿದರು.

“ಸರ, ತೌಡಿನ ಚೀಲ ಐವತ್ತು ಅಂತ ಯಾರ್ ಹೇಳಿದ್ರಿ? ನಮ್ಮಲ್ಲಿ ತುಂಬೋದು ನಲವತ್ತು.”

ಗುಮಾಸ್ತರು ಹೌದೆಂದು ತಲೆಯಾಡಿಸಿದರು. ಹುಡುಗ ಎಕ್ಸ್‌ಎಸ್ ಫೈಲು ತೆಗೆದು ಒಂದು ಸಂಖ್ಯೆ ತಿದ್ದಿ ಮೇಕ್ ಕೊಟ್ಟ. ಕೈಪಿಡಿಯಲ್ಲಿ 50 ಇದ್ದ ಜಾಗಕ್ಕೆ 40 ತಾನಾಗಿ ಬಂತು. ಗೋಡೆಯ ಮೇಲಿನ ಹಾಳೆಯಲ್ಲಿ ಮಾತ್ರ ಮೇಸ್ತ್ರಿ ತಮ್ಮ ಜೇಬಿನ ಪೆನ್ನು ತೆಗೆದು 50ನ್ನು ಹೊಡೆದುಹಾಕಿ 40 ಬರೆದರು.